ಮಾದರಿ ಟ್ಯಾಂಕಿನ ಬಣ್ಣ ಕೆಟ್ಟಾಗ: ದೋಷವಿರುವ ಪದರವನ್ನು ಪತ್ತೆಹಚ್ಚುವ ಕ್ರಮ

ಈ ಬರಹಕ್ಕೆ ಆಧಾರವಾಗಿರುವುದು 1/35 ಪ್ರಮಾಣದ ಟಿ-34/85 ಟ್ಯಾಂಕಿನ ಒಂದು ಪ್ಲಾಸ್ಟಿಕ್ ಮಾದರಿ. 1944ರಲ್ಲಿ ತಯಾರಿಕೆ ಆರಂಭಗೊಂಡು ಮರುವರ್ಷದ ಏಪ್ರಿಲ್ ಹೊತ್ತಿಗೆ ಬರ್ಲಿನ್ನಿನ ಬೀದಿಗಳನ್ನು ತಲುಪಿದ ಈ ಸೋವಿಯತ್ ವಾಹನಕ್ಕೆ 4ಬಿಓ ಎಂಬ ಹಸಿರು ಬಣ್ಣ ಬಳಿಯುತ್ತಿದ್ದರು. ಬರ್ಲಿನ್ ಕಾಳಗದಲ್ಲಿ ತಮ್ಮದೇ ಪಕ್ಷದ ವಿಮಾನಗಳು ಗುರುತು ಹಿಡಿಯಲೆಂದು ಟರೆಟ್ಟಿನ (ಒಡಲಿನ ಮೇಲೆ ತಿರುಗುವ ಫಿರಂಗಿ ಗೋಪುರದ) ಸುತ್ತ ಒಂದು ಬಿಳಿ ಪಟ್ಟಿಯನ್ನೂ ಎಳೆದಿದ್ದರು. ನಾನು ಮಾಡಿದ ಮಾದರಿಯಲ್ಲಿ ಪದರಗಳ ಅನುಕ್ರಮ ಹೀಗಿತ್ತು: ಲ್ಯಾಕರ್ ಜಾತಿಯ (ಬೇಗ ಆರುವ ದ್ರಾವಕದ) ಬೂದು ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಕೊಡುವ ಮೊದಲ ಪದರ, ಅದರ ಮೇಲೆ ಅಕ್ರಿಲಿಕ್ ಹಸಿರು, ಟೇಪ್ ಅಂಟಿಸಿ ಸಿಂಪಡಿಸಿದ ಬಿಳಿ ಪಟ್ಟಿ, ಹೊಳಪಿನ ವಾರ್ನಿಷ್, ಎನಾಮೆಲ್ ವಾಶ್ (ತಗ್ಗುಗಳಲ್ಲಿ ಓಡಿ ನಿಲ್ಲಲೆಂದು ತೀರ ತೆಳುಗೊಳಿಸಿದ ಬಣ್ಣ), ಕೊನೆಗೆ ಲ್ಯಾಕರ್ ಜಾತಿಯ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್. ಮಂಗಳೂರಿನ ಜುಲೈ ತಿಂಗಳ ಮಳೆಯಲ್ಲಿ ಈ ಕೊನೆಯ ಪದರವನ್ನು ಸಿಂಪಡಿಸಿ ಮಲಗಿದವನು ಬೆಳಿಗ್ಗೆ ಎದ್ದು ನೋಡಿದಾಗ ಇಡೀ ಟ್ಯಾಂಕಿಗೆ ಬೂದಿ ಬಳಿದಂತೆ ಬಿಳಿಯ ಮುಸುಕು ಕವಿದಿತ್ತು. ವಾರ್ನಿಷ್ ಸಾಲದೆ ಹೀಗಾಗಿದೆಯೆಂದು ಊಹಿಸಿ ಇನ್ನೊಂದು ಕೈ ಸಿಂಪಡಿಸಿದೆ. ಮುಸುಕು ಇಮ್ಮಡಿಯಾಯಿತು.

ಬಣ್ಣದ ಕೆಲಸದಲ್ಲಿ ದೋಷ ಕಣ್ಣಿಗೆ ಬೀಳುವುದು ಮೇಲಿನ ಪದರದಲ್ಲಿ; ಅದು ಹುಟ್ಟಿರುವುದು ಅಲ್ಲೇ ಎಂದು ಹೇಳಲಾಗದು. ಒಂದು ಪದರದ ದೋಷಕ್ಕೆ ಮದ್ದಾಗುವ ದ್ರಾವಕ ಇನ್ನೊಂದು ಪದರಕ್ಕೆ ವಿಷವಾಗುವುದರಿಂದ, ಯಾವ ಪದರ ಕೆಟ್ಟಿದೆಯೆಂದು ಗೊತ್ತಾಗುವವರೆಗೆ ಮಾದರಿಯ ಮೇಲ್ಭಾಗವನ್ನು ಮುಟ್ಟಬಾರದು.

ಮುಟ್ಟುವ ಮೊದಲು

ಟ್ಯಾಂಕ್ ಮಾದರಿಯ ದೊಡ್ಡ ಅನುಕೂಲವೆಂದರೆ ಅದರ ಹೊಟ್ಟೆ. ಒಡಲಿನ ತಳಭಾಗವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಎಲ್ಲ ಪದರಗಳನ್ನೂ ಅಲ್ಲಿಯೂ ಸಿಂಪಡಿಸಿರಬೇಕು, ಎಲ್ಲ ಪರೀಕ್ಷೆಗಳನ್ನೂ ಅಲ್ಲಿಯೇ ಮಾಡಬೇಕು. ಕಿವಿಕಡ್ಡಿಯನ್ನು ಮೊದಲು ನೀರಿನಲ್ಲಿ, ಇನ್ನೊಂದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಎಂಟಿಓ ಎಂದು ಕೇಳಿದರೆ ಸಿಗುವ ಮಿನರಲ್ ಟರ್ಪೆಂಟೈನ್‌ನಲ್ಲಿ, ಮತ್ತೊಂದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ತಳದ ಮೂರು ಬೇರೆ ಬೇರೆ ಜಾಗಗಳಲ್ಲಿ ಹತ್ತು ಹತ್ತು ಬಾರಿ ಮೆಲ್ಲಗೆ ಉಜ್ಜಿ ನೋಡಬೇಕು. ಟರ್ಪೆಂಟೈನ್‌ಗೆ ಬಣ್ಣ ಬಂದರೆ ಎನಾಮೆಲ್ ಅಥವಾ ತೈಲವರ್ಣದ ಪದರ ಇನ್ನೂ ಗಟ್ಟಿಯಾಗಿಲ್ಲವೆಂದೂ, ಟರ್ಪೆಂಟೈನ್‌ಗೆ ಜಗ್ಗದೆ ಆಲ್ಕೊಹಾಲ್‌ಗೆ ಹಸಿರು ಬಂದರೆ ನಾವು ಅಕ್ರಿಲಿಕ್ ಪದರವನ್ನು ತಲುಪಿದ್ದೇವೆಂದೂ ತಿಳಿಯಬಹುದು. ಬರಿಯ ನೀರಿಗೇ ಬಣ್ಣ ಬಿಟ್ಟರೆ ಕೆಳಗಿನ ಅಕ್ರಿಲಿಕ್ ಒಣಗುವ ಮೊದಲೇ ಮೇಲಿನದನ್ನು ಹೊದಿಸಿದ್ದೇವೆ ಎಂದರ್ಥ. ಎನ್‌ಸಿ ಥಿನ್ನರ್ ಎಂಬ ಬಿರುಸಾದ ಲ್ಯಾಕರ್ ದ್ರಾವಕವನ್ನು ಈ ಪರೀಕ್ಷೆಗೆ ಬಳಸಬಾರದು. ಅದು ಎಲ್ಲ ಪದರಗಳನ್ನೂ, ಅವುಗಳ ಕೆಳಗಿನ ಪಾಲಿಸ್ಟೈರೀನನ್ನೂ ಕರಗಿಸುವುದರಿಂದ ಏನನ್ನೂ ತಿಳಿಸುವುದಿಲ್ಲ.

ಇದಕ್ಕಿಂತ ಉತ್ತಮವಾದ ಸಾಕ್ಷಿಯೊಂದನ್ನು ಕೆಲಸ ಆರಂಭಿಸುವ ದಿನವೇ ಸಿದ್ಧಪಡಿಸಿಟ್ಟುಕೊಳ್ಳಬಹುದು. ಹಿಂದೆ ನಾವೆಲ್ಲ ಇದಕ್ಕೆ ಪ್ಲಾಸ್ಟಿಕ್ ಚಮಚಗಳನ್ನು ಬಳಸುತ್ತಿದ್ದೆವು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲಿನ 2022ರ ಜುಲೈ 1ರ ನಿಷೇಧದ ನಂತರ ನಾನು ಕಿಟ್ಟಿನಲ್ಲಿ ಮಿಕ್ಕುಳಿಯುವ ಭಾಗಗಳಿಗೆ ಬದಲಾದೆ, ಅದೇ ಸರಿಯಾದದ್ದೂ ಹೌದು, ಏಕೆಂದರೆ ಮಾದರಿಯ ಪ್ಲಾಸ್ಟಿಕ್ಕೂ ಸಾಕ್ಷಿಯ ಪ್ಲಾಸ್ಟಿಕ್ಕೂ ಆಗ ಒಂದೇ ಆಗಿರುತ್ತದೆ. ಜೋಡಿಸದೆ ಉಳಿದ ಇಂಧನ ಡ್ರಮ್ಮೊಂದನ್ನು ಕಡ್ಡಿಗೆ ಸಿಕ್ಕಿಸಿಕೊಂಡು, ಪ್ರತಿ ಪದರ ಸಿಂಪಡಿಸುವಾಗಲೂ ಡ್ರಮ್ಮಿಗೂ ಅದನ್ನೇ ಸಿಂಪಡಿಸಿ, ಮುಂದಿನ ಪದರಕ್ಕೆ ಮೊದಲು ಅರ್ಧ ಸೆಂಟಿಮೀಟರ್ ಅಗಲದ ಟೇಪಿನಿಂದ ಒಂದೊಂದು ಪಟ್ಟೆಯನ್ನು ಮುಚ್ಚುತ್ತಾ ಹೋದರೆ, ಕೊನೆಯಲ್ಲಿ ಟೇಪುಗಳನ್ನೆಲ್ಲ ಬಿಡಿಸಿದಾಗ ಆರು ಪದರಗಳ ಚರಿತ್ರೆ ಪಕ್ಕಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಮುಸುಕು ಯಾವ ಪಟ್ಟೆಯಿಂದ ಆರಂಭವಾಗಿದೆಯೋ ದೋಷ ಆ ಪದರದ್ದು.

ಬಿಳಿ ಮುಸುಕು

ನನ್ನ ಟ್ಯಾಂಕಿನ ಡ್ರಮ್ಮಿನಲ್ಲಿ ಮುಸುಕು ಕೊನೆಯ ಪಟ್ಟೆಯಲ್ಲಿ ಮಾತ್ರ ಇತ್ತು. ಆದ್ದರಿಂದ ತಪ್ಪು ಮ್ಯಾಟ್ ವಾರ್ನಿಷಿನದೆಂಬುದು ನಿಶ್ಚಯವಾಯಿತು. ಆದರೆ ಮ್ಯಾಟ್ ವಾರ್ನಿಷ್ ಎರಡು ಬೇರೆ ಕಾರಣಗಳಿಂದ ಬೆಳ್ಳಗಾಗಬಲ್ಲದು, ಮತ್ತು ಎರಡೂ ನೋಡಲು ಒಂದೇ ತೆರನಾಗಿರುತ್ತವೆ.

ಮೊದಲನೆಯದು ತೇವ. ಲ್ಯಾಕರಿನ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಂಡು ಅದನ್ನು ತಣ್ಣಗಾಗಿಸುತ್ತದೆ. ಸುತ್ತಲಿನ ಗಾಳಿ 28 ಡಿಗ್ರಿ ಸೆಲ್ಸಿಯಸ್ ಇದ್ದು ಸಾಪೇಕ್ಷ ಆರ್ದ್ರತೆ ಶೇಕಡಾ 60 ಆಗಿದ್ದರೆ ಇಬ್ಬನಿ ಕಟ್ಟಲು ಮೇಲ್ಮೈ ಸುಮಾರು 19.5 ಡಿಗ್ರಿಯವರೆಗೆ ಇಳಿಯಬೇಕು, ಅಂದರೆ ಎಂಟೂವರೆ ಡಿಗ್ರಿಗಳ ಅಂತರ ನಮ್ಮ ಕೈಯಲ್ಲಿರುತ್ತದೆ. ಅದೇ ಉಷ್ಣತೆಯಲ್ಲಿ ಆರ್ದ್ರತೆ ಶೇಕಡಾ 90 ಆದಾಗ ಇಬ್ಬನಿ ಕಟ್ಟುವ ಬಿಂದು 26 ಡಿಗ್ರಿಗೆ ಏರುವುದರಿಂದ, ಮೇಲ್ಮೈ ಎರಡು ಡಿಗ್ರಿಯಷ್ಟು ತಂಪಾದರೂ ಗಾಳಿಯ ನೀರು ಹಸಿ ವಾರ್ನಿಷಿನೊಳಗೆ ಸೇರಿ, ವಾರ್ನಿಷ್ ಒಣಗಿ ನೀರು ಹೋದ ಮೇಲೆ ಅಲ್ಲಲ್ಲಿ ಅತಿಸೂಕ್ಷ್ಮವಾದ ಟೊಳ್ಳುಗಳನ್ನು ಉಳಿಸುತ್ತದೆ. ಬೆಳಕನ್ನು ಚದುರಿಸಿ ಬಿಳುಪಾಗಿ ಕಾಣಿಸುವುದು ಈ ಟೊಳ್ಳುಗಳೇ. ಕರಾವಳಿಯ ಮಳೆಗಾಲದಲ್ಲಿ ಶೇಕಡಾ 90 ಎಂಬುದು ಅಪರೂಪದ ಸಂಗತಿಯೇನಲ್ಲ.

ಎರಡನೆಯದು ವಾರ್ನಿಷಿನಲ್ಲಿರುವ ಸಿಲಿಕಾ. ಮ್ಯಾಟ್ ವಾರ್ನಿಷ್ ಎಂದರೆ ಹೊಳೆಯುವ ವಾರ್ನಿಷಿಗೆ ನುಣ್ಣನೆಯ ಸಿಲಿಕಾ ಪುಡಿ ಬೆರೆಸಿದ್ದು. ಅದು ಒರಟು ಮೇಲ್ಮೈಯೊಂದನ್ನು ಉಂಟುಮಾಡಿ ಹೊಳಪನ್ನು ಕೊಲ್ಲುತ್ತದೆ. ಈ ಪುಡಿ ಬಾಟಲಿಯ ತಳದಲ್ಲಿ ಕೂಡುವ ಸ್ವಭಾವದ್ದಾದ್ದರಿಂದ ಚೆನ್ನಾಗಿ ಕುಲುಕದೆ ಬಳಸಿದಾಗ ಬಾಟಲಿಯ ಮೊದಲ ಭಾಗ ಹೊಳೆಯುತ್ತದೆ, ಕೊನೆಯ ಭಾಗ ಸುಣ್ಣ ಬಳಿದಂತಾಗುತ್ತದೆ.

ಇವೆರಡನ್ನೂ ಬೇರ್ಪಡಿಸಲು ಒಂದು ತೊಟ್ಟು ಟರ್ಪೆಂಟೈನ್ ಸಾಕು. ಬೆಳ್ಳಗಾದ ಜಾಗದ ಮೇಲೆ ಕುಂಚದ ತುದಿಯಿಂದ ತೊಟ್ಟನ್ನು ಇಟ್ಟಾಗ ಬಿಳುಪು ಥಟ್ಟನೆ ಮಾಯವಾಗಿ ಒಣಗಿದ ಮೇಲೆ ಮರಳಿದರೆ ದೋಷ ಹೊರಮೈಯ ಒರಟುತನದ್ದು, ಅಂದರೆ ಹೆಚ್ಚಾದ ಸಿಲಿಕಾದ್ದು ಅಥವಾ ಗಾಳಿಯಲ್ಲೇ ಒಣಗಿ ಬಂದು ಕೂತ ವಾರ್ನಿಷ್ ಧೂಳಿನದು. ಒದ್ದೆಯಾದಾಗಲೂ ಬಿಳುಪು ಬಹುಮಟ್ಟಿಗೆ ಹಾಗೆಯೇ ಉಳಿದರೆ ಅದು ಪದರದ ಒಳಗಿನದು, ತೇವದ್ದು. ಈ ಪರೀಕ್ಷೆಯಿಂದ ನನಗೆ ತಿಳಿದದ್ದು ನಿರೀಕ್ಷಿಸಿರದ ಸಂಗತಿ: ಟರೆಟ್ಟಿನ ಬಿಳುಪು ತೊಟ್ಟಿಗೆ ಮಾಯವಾಯಿತು, ಒಡಲಿನ ಮುಂಭಾಗದ ಇಳಿಜಾರು ಫಲಕದ್ದು ಮಾಯವಾಗಲಿಲ್ಲ. ಯೋಚಿಸಿದಾಗ ಕಾರಣ ಹೊಳೆಯಿತು. ಒಡಲಿಗೆ ಸಂಜೆಯ ಜಡಿಮಳೆಯಲ್ಲಿ ದಪ್ಪನಾಗಿ ಸಿಂಪಡಿಸಿದ್ದೆ. ಟರೆಟ್ಟಿಗೆ ಬರುವ ಹೊತ್ತಿಗೆ ಬಾಟಲಿಯ ತಳದ ಗಸಿಯನ್ನು ಬಳಸುತ್ತಿದ್ದೆ. ಒಂದೇ ರಾತ್ರಿಯ ಒಂದೇ ಬಾಟಲಿ ಎರಡು ರೋಗಗಳನ್ನು ತಂದಿತ್ತು, ಮತ್ತು ನಾನು ಕೊಟ್ಟ ಎರಡನೆಯ ಕೈ ಒಂದು ಕಡೆ ಸಿಲಿಕಾವನ್ನೂ ಇನ್ನೊಂದು ಕಡೆ ನೀರನ್ನೂ ಹೆಚ್ಚಿಸಿತ್ತು.

ಟರೆಟ್ಟಿಗೆ ತೆಳುವಾಗಿ ಹೊಳಪಿನ ವಾರ್ನಿಷನ್ನು ಸಿಂಪಡಿಸಿದಾಗ ಸಿಲಿಕಾದ ಕಣಗಳ ನಡುವಿನ ತಗ್ಗುಗಳು ತುಂಬಿ ಹಸಿರು ಮರಳಿ ಬಂತು; ಒಂದು ದಿನ ಬಿಟ್ಟು, ಹೊಸ ಬಾಟಲಿಯನ್ನು ಎರಡು ನಿಮಿಷ ಕುಲುಕಿ, ಮತ್ತೆ ಮ್ಯಾಟ್ ಕೊಟ್ಟೆ. ಒಡಲಿಗೆ ಆ ಮದ್ದು ನಾಟುವುದಿಲ್ಲ. ಅಲ್ಲಿ ಮಾಡಬೇಕಾದದ್ದು ವಾರ್ನಿಷ್ ಪದರವನ್ನು ಮತ್ತೊಮ್ಮೆ ಮೃದುವಾಗಿಸಿ ನಿಧಾನವಾಗಿ ಒಣಗಗೊಡುವುದು: ಮಾದರಿಗಳಿಗೆಂದೇ ತಯಾರಾದ ಸೌಮ್ಯ ಲ್ಯಾಕರ್ ಥಿನ್ನರಿಗೆ ಒಣಗುವಿಕೆಯನ್ನು ತಡೆಯುವ ರಿಟಾರ್ಡರ್ ಸ್ವಲ್ಪ ಬೆರೆಸಿ, ಏರ್‌ಬ್ರಷ್ಷಿನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಸುಮಾರು 1 ಬಾರ್ ಒತ್ತಡದಲ್ಲಿ, ಮೇಲ್ಮೈ ಒದ್ದೆಯಾಯಿತೋ ಇಲ್ಲವೋ ಎಂಬಷ್ಟೇ ತೆಳುವಾದ ಮಂಜಿನಂತೆ ಸಿಂಪಡಿಸಬೇಕು. ಅದಕ್ಕೆ ಮೊದಲು ಮಾದರಿಯನ್ನು ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು ಮಾತ್ರ ಕಾಯಿಸಿದರೆ ಮೇಲ್ಮೈ ಇಬ್ಬನಿಯ ಬಿಂದುವಿಗಿಂತ ಮೇಲೆಯೇ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ತೆಳು ಫೆಂಡರುಗಳು ಸೊಟ್ಟಗಾಗುತ್ತವೆ. ಕಿಟಕಿ ತೆರೆದಿರಬೇಕು, ದ್ರಾವಕದ ಆವಿಯನ್ನು ತಡೆಯುವ ಫಿಲ್ಟರಿನ ಮುಖವಾಡ ಇರಬೇಕು, ಬೆಂಕಿ ಹತ್ತಿರ ಇರಕೂಡದು. ಹೇರ್ ಡ್ರೈಯರನ್ನು ಆರಿಸಿ ದೂರವಿಟ್ಟ ಮೇಲೆಯೇ ಥಿನ್ನರ್ ಡಬ್ಬಿಯ ಮುಚ್ಚಳ ತೆಗೆಯಬೇಕು. ಈ ಚಿಕಿತ್ಸೆ ಲ್ಯಾಕರ್ ವಾರ್ನಿಷಿಗೆ ಮಾತ್ರ ಸಲ್ಲುತ್ತದೆ. ನೀರಿನಲ್ಲಿ ಕದಡುವ ಅಕ್ರಿಲಿಕ್ ವಾರ್ನಿಷ್ ಹಾಲಿನಂತಾಗಿ ಒಣಗಿಬಿಟ್ಟಿದ್ದರೆ ಅದು ಮತ್ತೆ ಕರಗಿ ಸಮನಾಗುವುದಿಲ್ಲ. ಆ ಭಾಗವನ್ನು ಕಿತ್ತು ಮತ್ತೆ ಬಳಿಯುವುದೇ ದಾರಿ.

ಇನ್ನೊಂದು ಎಚ್ಚರಿಕೆ. ಟಿ-34/85ರ ಟರೆಟ್ ಎರಕದ್ದು, ಅದರ ಮೈ ಮೂಲದಲ್ಲೇ ಒರಟು. ಒಡಲು ಸಪಾಟಾದ ಉಕ್ಕಿನ ಫಲಕಗಳದ್ದು. ಏರ್‌ಬ್ರಷ್ಷನ್ನು ದೂರದಿಂದ ಹಿಡಿದದ್ದರಿಂದಲೋ ಒತ್ತಡ ಹೆಚ್ಚಾದದ್ದರಿಂದಲೋ ಹಸಿರು ಬಣ್ಣ ದಾರಿಯಲ್ಲೇ ಅರೆ ಒಣಗಿ ಮರಳುಕಾಗದದಂತೆ ಕೂತಿದ್ದರೆ ಟರೆಟ್ಟಿನಲ್ಲಿ ಅದು ಎರಕದ ಒರಟಿನೊಳಗೆ ಅಡಗಿಕೊಳ್ಳುತ್ತದೆ. ಆದ್ದರಿಂದ ಮೇಲ್ಮೈಯ ದೋಷವನ್ನು ಯಾವಾಗಲೂ ಇಳಿಜಾರು ಫಲಕದಲ್ಲಿ, ದೀಪವನ್ನು ಅಡ್ಡಲಾಗಿ ಹಿಡಿದು ಹುಡುಕಬೇಕು. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಉಬ್ಬು ನಿಜವಾದ ಟ್ಯಾಂಕಿನಲ್ಲಿ ಮೂರೂವರೆ ಮಿಲಿಮೀಟರಿಗೆ ಸಮ.

ಟೇಪಿನೊಂದಿಗೆ ಎದ್ದು ಬರುವ ಬಣ್ಣ

ಬಿಳಿ ಪಟ್ಟಿಗಾಗಿ ಅಂಟಿಸಿದ ಟೇಪನ್ನು ತೆಗೆಯುವಾಗ ಟರೆಟ್ಟಿನ ಎಡಬದಿಯಲ್ಲಿ ಹುಣಸೆ ಎಲೆಯಷ್ಟು ಬಣ್ಣ ಕಿತ್ತು ಬಂತು. ಇಂಥ ಸಂದರ್ಭದಲ್ಲಿ ಎಲ್ಲರೂ ಗಾಯವನ್ನು ನೋಡುತ್ತಾರೆ. ನೋಡಬೇಕಾದದ್ದು ಟೇಪಿಗೆ ಅಂಟಿಕೊಂಡ ಚಕ್ಕೆಯ ಬೆನ್ನನ್ನು. ಅದರ ಬೆನ್ನು ಬೂದು ಬಣ್ಣದ್ದಾಗಿದ್ದರೆ ಪ್ರೈಮರ್ ಪ್ಲಾಸ್ಟಿಕ್ಕಿಗೆ ಹಿಡಿದಿಲ್ಲ: ಅಚ್ಚಿನಿಂದ ಬಿಡಿಸಲು ಕಾರ್ಖಾನೆಯಲ್ಲಿ ಬಳಸಿದ ಎಣ್ಣೆಯ ಅಂಶ, ಬೆರಳಿನ ಜಿಡ್ಡು, ಅಥವಾ ಉಜ್ಜಿದ ಪುಟ್ಟಿಯ ಧೂಳು ನಡುವೆ ಉಳಿದಿದೆ. ಬೆನ್ನು ಹಸಿರಾಗಿದ್ದು ಗಾಯದಲ್ಲಿ ಬೂದು ಕಾಣುತ್ತಿದ್ದರೆ ಪ್ರೈಮರ್ ಸರಿಯಾಗಿಯೇ ಇದೆ, ಹಸಿರು ಅದಕ್ಕೆ ಹಿಡಿದಿಲ್ಲ. ಪ್ರೈಮರ್ ಸಿಂಪಡಿಸಿದ ಮೇಲೆ ಮಾದರಿಯನ್ನು ಬರಿಗೈಯಲ್ಲಿ ಹಿಡಿದದ್ದು, ಅಥವಾ ಹಸಿರು ಇನ್ನೂ ಗಟ್ಟಿಯಾಗುವ ಮೊದಲೇ ಟೇಪ್ ಅಂಟಿಸಿದ್ದು ಇದರ ಸಾಮಾನ್ಯ ಕಾರಣ. ನನ್ನ ಚಕ್ಕೆಯ ಬೆನ್ನು ಬೂದಾಗಿತ್ತು, ಗಾಯ ನೆಟ್ಟಗೆ ಟರೆಟ್ಟಿನ ಜೋಡಣೆಯ ಗೆರೆಯ ಮೇಲೆಯೇ ಇತ್ತು. ಅಲ್ಲಿ ತುಂಬಿ ಉಜ್ಜಿದ ಪುಟ್ಟಿಯ ಧೂಳನ್ನು ಬರೇ ಊದಿ ಬಿಟ್ಟಿದ್ದೆ, ತೊಳೆದಿರಲಿಲ್ಲ.

ಎರಡು ಸಂದರ್ಭಗಳ ಚಿಕಿತ್ಸೆಯೂ ಬೇರೆ. ಹಸಿರು ಮಾತ್ರ ಎದ್ದಿದ್ದರೆ ಅಂಚನ್ನು 2000 ಸಂಖ್ಯೆಯ ನೀರುಕಾಗದದಿಂದ ಸವರಿ ಹಸಿರನ್ನೇ ಮತ್ತೆ ಸಿಂಪಡಿಸಿದರೆ ಸಾಕು. ಪ್ರೈಮರೇ ಎದ್ದಿದ್ದರೆ ಗಾಯದ ಸುತ್ತ ಇನ್ನೆಷ್ಟು ಭಾಗ ಸಡಿಲವಾಗಿದೆಯೆಂದು ಹೊಸ ಟೇಪಿನ ತುಂಡನ್ನು ಅಂಟಿಸಿ ಕಿತ್ತು, ಬರುವಷ್ಟನ್ನು ಬರಗೊಟ್ಟು, ಗಟ್ಟಿ ಅಂಚು ಸಿಕ್ಕಿದ ಮೇಲೆ ಪಾತ್ರೆ ತೊಳೆಯುವ ದ್ರವದ ನೀರಿನಿಂದ ಒರೆಸಿ ಪ್ರೈಮರಿನಿಂದಲೇ ಆರಂಭಿಸಬೇಕು. ಕಿತ್ತು ನೋಡುವ ಧೈರ್ಯ ಬಹಳ ಮಂದಿಗೆ ಬರುವುದಿಲ್ಲ, ಆದರೆ ಇಂದು ನಾವು ಕೀಳದೆ ಬಿಟ್ಟದ್ದು ನಾಳೆ ವಾಶ್ ಮಾಡುವಾಗ ತಾನಾಗಿ ಏಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಗಲ ಮಾಸ್ಕಿಂಗ್ ಟೇಪಿನ ಅಂಟು ಈ ಕೆಲಸಕ್ಕೆ ತೀರ ಬಿರುಸು. ಬೇರೆ ಸಿಗದಿದ್ದರೆ ಅದನ್ನು ಮೊದಲು ಬಟ್ಟೆಗೆ ಎರಡು ಬಾರಿ ಅಂಟಿಸಿ ಕಿತ್ತು ಅಂಟನ್ನು ತಗ್ಗಿಸಬಹುದು.

ಹಿತ್ತಾಳೆಯ ಬಿಡಿಭಾಗಗಳಿಗೂ ಲೋಹದ ಫಿರಂಗಿ ನಳಿಗೆಗೂ ಸಾಮಾನ್ಯ ಪ್ರೈಮರ್ ಸಾಲದು. ಲೋಹವನ್ನು ನವಿರಾಗಿ ಉಜ್ಜಿ, ಲೋಹದ ಪ್ರೈಮರ್ ಕೊಡಬೇಕು.

ವಾಶ್ ತಂದ ತೊಂದರೆಗಳು

ಎನಾಮೆಲ್ ವಾಶ್ ತಗ್ಗುಗಳಲ್ಲಿ ಓಡಿ ನಿಲ್ಲುವ ಬದಲು ಫಲಕದ ತುಂಬ ಹರಡಿ ಕಲೆಯಾಗಿ ಕೂತರೆ, ಟರ್ಪೆಂಟೈನ್ ಕಿವಿಕಡ್ಡಿಯಿಂದ ಆ ಜಾಗವನ್ನು ಒರೆಸಿ ಕಡ್ಡಿಯ ಬಣ್ಣ ನೋಡಬೇಕು. ಕಡ್ಡಿಗೆ ಕಂದು ಮಾತ್ರ ಬಂದು ಕಲೆ ಸ್ವಲ್ಪ ಸ್ವಲ್ಪವಾಗಿ ತೆಳುವಾಗುತ್ತಿದ್ದರೆ ಕೆಳಗಿನ ಹೊಳಪಿನ ವಾರ್ನಿಷ್ ಅಲ್ಲಿ ತಲುಪಿಲ್ಲ, ಮ್ಯಾಟ್ ಬಣ್ಣ ಹೀರುಕಾಗದದಂತೆ ವಾಶನ್ನು ಕುಡಿದಿದೆ. ಕಡ್ಡಿಗೆ ಹಸಿರೂ ಬಂದರೆ ಕೆಳಗಿನ ಬಣ್ಣವೇ ಎನಾಮೆಲ್ ಆಗಿದ್ದು ಕರಗುತ್ತಿದೆ. ಆಗ ಒರೆಸುವುದನ್ನು ಆ ಕ್ಷಣವೇ ನಿಲ್ಲಿಸಿ ಎರಡು ದಿನ ಮುಟ್ಟದೆ ಇಡಬೇಕು. ಮೊದಲನೆಯ ಸಂದರ್ಭದಲ್ಲಿ ಕಲೆಯನ್ನು ಪೂರ್ತಿ ತೆಗೆಯಲು ಹೋಗುವುದಕ್ಕಿಂತ, ಟರ್ಪೆಂಟೈನಿನಿಂದ ತೇವಗೊಳಿಸಿದ ಚಪ್ಪಟೆ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆದು ಅದನ್ನು ಮಳೆನೀರು ಇಳಿದ ಗೆರೆಗಳನ್ನಾಗಿ ಮಾಡಿಬಿಡುವುದು ಜಾಣತನ. ನಾನು ಮೆಚ್ಚಿಕೊಂಡಿರುವ ಗೆರೆಗಳಲ್ಲಿ ಅರ್ಧದಷ್ಟು ಹೀಗೆ ತಪ್ಪಿನಿಂದ ಹುಟ್ಟಿದವು.

ವಾಶ್ ಒಣಗಿತೆಂದು ನಂಬಿ ಅದೇ ದಿನ ವಾರ್ನಿಷ್ ಹೊದಿಸಿದಾಗ ವಾರ ಕಳೆದ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಏಕೆಂದರೆ ಕೆಳಗಿನ ಎನಾಮೆಲ್ ಇನ್ನೂ ಕುಗ್ಗುತ್ತಿರುವಾಗ ಮೇಲಿನದು ಬಿಗಿದುಕೊಂಡಿರುತ್ತದೆ. ಇದಕ್ಕೆ ಮೂಗೇ ಪರೀಕ್ಷಾಯಂತ್ರ: ಮಾದರಿಯನ್ನು ಮುಚ್ಚಿದ ಡಬ್ಬಿಯಲ್ಲಿ ಒಂದು ಗಂಟೆ ಇಟ್ಟು ಮುಚ್ಚಳ ತೆಗೆದಾಗ ಟರ್ಪೆಂಟೈನ್ ವಾಸನೆ ಬಂದರೆ ಇನ್ನೂ ಕಾಯಬೇಕು. ಮಳೆಗಾಲದಲ್ಲಿ ನಾನು ಮೂರು ದಿನಕ್ಕಿಂತ ಮೊದಲು ವಾರ್ನಿಷ್ ಬಾಟಲಿ ತೆರೆಯುವುದೇ ಇಲ್ಲ.

ಚಕ್ರಗಳನ್ನು ಹಿಡಿದಿರುವ ತೋಳುಗಳು ವಾಶ್ ಆದ ಮೇಲೆ ಪಟಪಟನೆ ಮುರಿದರೆ ಅದು ಬಣ್ಣದ ದೋಷವಲ್ಲ. ಬಿಗಿಯಾಗಿ ಜೋಡಿಸಿದ ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಟರ್ಪೆಂಟೈನ್ ಮಡುಗಟ್ಟಿ ನಿಂತು, ಒತ್ತಡದಲ್ಲಿರುವ ಆ ಭಾಗವನ್ನು ಬಿರುಸಾಗಿಸಿ ಸೀಳಿದೆ. ಇದಕ್ಕೆ ಮರಳುದಾರಿಯಿಲ್ಲ; ಅರ್ಧ ಮಿಲಿಮೀಟರಿನ ರಂಧ್ರ ಕೊರೆದು ಹಿತ್ತಾಳೆ ತಂತಿಯ ಮೊಳೆ ಕೊಟ್ಟು ಕೂಡಿಸಬೇಕು. ಮುಂದಿನ ಬಾರಿ ಒಡಲಿನ ಕೆಳಭಾಗಕ್ಕೆ ವಾಶನ್ನು ಸುರಿಯದೆ, ಸಣ್ಣ ಕುಂಚದಿಂದ ಬೇಕಾದಲ್ಲಿ ಮಾತ್ರ ಮುಟ್ಟಿಸಿ, ಹೆಚ್ಚಾದದ್ದನ್ನು ಒಣ ಕುಂಚದಿಂದ ಹೀರಬೇಕು.

ಸವೆತ, ತುಕ್ಕು, ಧೂಳು

ಹೇರ್ ಸ್ಪ್ರೇ ಪದರದ ಮೇಲೆ ಬಣ್ಣ ಕೊಟ್ಟು, ನೀರಿನ ಕುಂಚದಿಂದ ಉಜ್ಜಿ, ಸವೆದಂತೆ ಎಬ್ಬಿಸುವ ವಿಧಾನದಲ್ಲಿ ಬಣ್ಣ ಏಳದೆ ಹೋದರೆ ನೀರು ಹೇರ್ ಸ್ಪ್ರೇಯನ್ನು ತಲುಪುತ್ತಿಲ್ಲವೆಂದು ಅರ್ಥ: ಮೇಲಿನ ಬಣ್ಣ ದಪ್ಪವಾಗಿದೆ, ಅಥವಾ ಅದನ್ನು ಲ್ಯಾಕರ್ ಥಿನ್ನರಿನಲ್ಲಿ ತೆಳುಗೊಳಿಸಲಾಗಿದೆ, ಅಥವಾ ದಿನಗಟ್ಟಲೆ ಬಿಟ್ಟು ಉಜ್ಜಲಾಗುತ್ತಿದೆ. ಬೆಚ್ಚಗಿನ ನೀರು ಒಮ್ಮೊಮ್ಮೆ ನೆರವಾಗುತ್ತದೆ. ಬದಲಿಗೆ ಹಾಳೆ ಹಾಳೆಯಾಗಿ ಎದ್ದು ಬಂದರೆ ಹೇರ್ ಸ್ಪ್ರೇ ಹೆಚ್ಚಾಗಿದೆ. ಅದನ್ನು ಪೂರ್ತಿ ತೊಳೆದು ಮೊದಲಿನಿಂದ ಮಾಡುವುದೇ ಲೇಸು.

ಬಣ್ಣದ ಕೆಲಸವೆಲ್ಲ ಸರಿಯಿದ್ದೂ ಟ್ಯಾಂಕು ಸುಳ್ಳಾಗಿ ಕಾಣುವುದುಂಟು. ಆಗ ದೋಷವನ್ನು ಪದರಗಳಲ್ಲಿ ಹುಡುಕದೆ ಉಕ್ಕಿನಲ್ಲಿ ಹುಡುಕಬೇಕು. ಈ ಟ್ಯಾಂಕಿನ ಮುಂಭಾಗದ ಫಲಕ 45 ಮಿಲಿಮೀಟರ್ ದಪ್ಪದ ರಕ್ಷಾಕವಚ. ತಯಾರಾದ ಕೆಲವೇ ತಿಂಗಳಲ್ಲಿ ಕಾಳಗಕ್ಕೆ ಹೋದ ವಾಹನದಲ್ಲಿ ಅದು ಕಿತ್ತಳೆ ಬಣ್ಣದ ತುಕ್ಕಿನಲ್ಲಿ ಮುಳುಗಿರಲು ಸಾಧ್ಯವಿಲ್ಲ. ಬಿಸಿಯಾಗಿ ತಣ್ಣಗಾಗುವ ಹಿಂಭಾಗದ ಹೊಗೆಕೊಳವೆಗಳು ತುಕ್ಕು ಹಿಡಿಯುತ್ತವೆ, ತೆಳು ತಗಡಿನ ಫೆಂಡರುಗಳು ಜಜ್ಜಿಹೋಗುತ್ತವೆ. ಮ್ಯಾಂಗನೀಸ್ ಉಕ್ಕಿನ ಟ್ರ್ಯಾಕುಗಳ ನೆಲ ಮುಟ್ಟುವ ಏಣುಗಳು ಓಡಾಟದಲ್ಲಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತವೆ. ಒಂದು ಮಿಲಿಮೀಟರ್ ಅಗಲದ ಸವೆತದ ಗುರುತು ನಿಜದಲ್ಲಿ ಮೂರೂವರೆ ಸೆಂಟಿಮೀಟರಿನ ಗಾಯ ಎಂಬುದನ್ನು ಕುಂಚ ಹಿಡಿದಾಗ ಮರೆಯಕೂಡದು.

ಕಿಟ್ಟಿನಲ್ಲಿ ಬಂದ ಮೆತ್ತನೆಯ ವಿನೈಲ್ ಟ್ರ್ಯಾಕುಗಳಿಂದ ಬಣ್ಣ ಹೆರೆದುಹೋಗುತ್ತಿದ್ದರೆ ಬಣ್ಣದ ಜಾತಿಯನ್ನು ಬದಲಿಸುವ ಮೊದಲು ಬಾಗುವ ಜಾಗವನ್ನು ಗಮನಿಸಬೇಕು. ಹಲ್ಲುಚಕ್ರದ ತಿರುವಿನಲ್ಲಿ ಮಾತ್ರ ಹೆರೆದಿದ್ದರೆ ಬಳಿದ ಮೇಲೆ ಬಗ್ಗಿಸಿದ್ದೇ ಕಾರಣ, ಎಲ್ಲೆಡೆ ಹೆರೆದಿದ್ದರೆ ಜಿಡ್ಡು ತೊಳೆಯದಿದ್ದದ್ದು. ಇನ್ನು ಕೆಲವು ಹಳೆಯ ವಿನೈಲ್ ಟ್ರ್ಯಾಕುಗಳು ವರ್ಷಗಳು ಕಳೆದಂತೆ ತಮ್ಮೊಳಗಿನ ಮೆದುಕಾರಕವನ್ನು ಬಿಟ್ಟು, ತಾಗಿದ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸುತ್ತವೆ. ಚಕ್ರದ ಅಂಚು ಅಂಟಂಟಾಗಿ ಕಂಡರೆ ಟ್ರ್ಯಾಕುಗಳನ್ನು ಕಳಚಿ ಬಿಡಿ ಕೊಂಡಿಗಳ ಗಟ್ಟಿ ಪ್ಲಾಸ್ಟಿಕ್ ಟ್ರ್ಯಾಕನ್ನು ಹಾಕಬೇಕು.

ಧೂಳಿಗಾಗಿ ಹಾಕಿದ ಪಿಗ್ಮೆಂಟ್ ಪುಡಿ ಮರುದಿನ ಕಾಣೆಯಾಗಿದ್ದರೆ ಅದರ ಮೇಲೆ ವಾರ್ನಿಷ್ ಬಿದ್ದಿದೆ. ವಾರ್ನಿಷ್ ಪುಡಿಯ ಕಣಗಳ ನಡುವಿನ ಗಾಳಿಯನ್ನು ಹೊರಹಾಕಿ ಅದನ್ನು ಒದ್ದೆ ಮಣ್ಣಿನಂತೆ ಕಪ್ಪಾಗಿಸುತ್ತದೆ. ಪುಡಿ ಯಾವಾಗಲೂ ವಾರ್ನಿಷಿನ ನಂತರದ್ದು. ಅದನ್ನು ಹಿಡಿಸಲು ಒಣ ಪುಡಿಯ ಪಕ್ಕದಲ್ಲಿ ಕುಂಚದಿಂದ ಟರ್ಪೆಂಟೈನ್ ತೊಟ್ಟೊಂದನ್ನು ತಾಗಿಸಿದರೆ ಅದು ತಾನಾಗಿಯೇ ಪುಡಿಯೊಳಗೆ ಹರಿದು ಕೂರಿಸುತ್ತದೆ. ಒಣಗಿದ ಮೇಲೆ ಬಣ್ಣ ಮೊದಲಿನಷ್ಟೇ ತಿಳಿಯಾಗುತ್ತದೆ. ಬೆರಳು ತಾಗಿದರೆ ಆ ಪುಡಿ ಸ್ವಲ್ಪ ಏಳುತ್ತದೆ, ಆದ್ದರಿಂದ ಮಾದರಿಯನ್ನು ಅಲ್ಲಿಂದ ಮುಂದೆ ತಳದಿಂದಲೇ ಹಿಡಿದು ಎತ್ತಬೇಕು.